ಕೊಕಿನ್‌ಶೂ: ಪದ್ಯವಷ್ಟೇ ಅಲ್ಲ, ಅದು ಕೂತ ಜಾಗವೂ

ಜಪಾನಿನ ಹಳೆಯ ಕಾವ್ಯ ನಮ್ಮ ಕೈಗೆ ಬರುವುದು ಸಾಮಾನ್ಯವಾಗಿ ಬಿಡಿ ಪದ್ಯಗಳಾಗಿ. ಚಕ್ರವರ್ತಿಗಳು ಆಜ್ಞೆ ಕೊಟ್ಟು ಮಾಡಿಸಿದ ವಾಕಾ (ಜಪಾನಿ ಭಾಷೆಯ ಸಾಂಪ್ರದಾಯಿಕ ಕಿರುಪದ್ಯ) ಸಂಕಲನಗಳನ್ನು ಹಾಗೆ ಓದಿದರೆ ಅರ್ಧ ಕಾವ್ಯ ಕೈತಪ್ಪಿಹೋಗುತ್ತದೆ. ಇಂಥ ಸಂಕಲನಗಳು ಒಟ್ಟು 21. ಮೊದಲನೆಯದು ದೈಗೊ ಚಕ್ರವರ್ತಿಯ ಕಾಲದ ಕೊಕಿನ್‌ಶೂ (905), ಕೊನೆಯದು 1439ರ ಶಿನ್‌ಶೊಕುಕೊಕಿನ್‌ಶೂ. ಇವಕ್ಕಿಂತ ಹಳೆಯ ಸಂಕಲನವಾದ ಮನ್‌ಯೋಶೂ ಈ ಪಟ್ಟಿಯಲ್ಲಿಲ್ಲ.

ಕೊಕಿನ್‌ಶೂನಲ್ಲಿ 20 ಭಾಗ, ಸುಮಾರು 1,100 ಪದ್ಯ. ಹೆಚ್ಚಿನವು 5-7-5-7-7ರ ಲೆಕ್ಕದಲ್ಲಿ 31 ಮಾತ್ರೆಯವು. ಮೊದಲ ಆರು ಭಾಗ ಋತುಗಳಿಗೆ, 11ರಿಂದ 15 ಪ್ರೇಮಕ್ಕೆ. ಮೊದಲ ಪದ್ಯ ಅರಿವಾರಾ ನೊ ಮೊತೊಕತನದು: ವರ್ಷ ಮುಗಿಯುವ ಮೊದಲೇ ವಸಂತ ಬಂದುಬಿಟ್ಟಿತು, ಈ ಒಂದು ವರ್ಷವನ್ನು ಹೋದ ವರ್ಷ ಅನ್ನೋಣವೇ, ಈ ವರ್ಷ ಅನ್ನೋಣವೇ? ತಿಂಗಳ ಎಣಿಕೆ ಚಂದ್ರನದು, ವಸಂತಾರಂಭ ಸೂರ್ಯನದು. ಅಧಿಕಮಾಸ ಬಲ್ಲ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆಧುನಿಕ ಕವಿ ಮಸಓಕಾ ಶಿಕಿ 1898ರಲ್ಲಿ ಇದೇ ಪದ್ಯವನ್ನು ಹಿಡಿದು ಜರೆದ. ಬಿಡಿಯಾಗಿ ನೋಡಿದರೆ ಅವನ ಮಾತು ಒಪ್ಪುವಂಥದ್ದೇ. ಆದರೆ ಕಾಲದ ಎರಡು ಲೆಕ್ಕಗಳು ತಾಳೆಯಾಗದ ಆ ದಿನದಿಂದಲೇ ಋತುಚಕ್ರ ಶುರುವಾಗಬೇಕೆಂದು ಸಂಪಾದಕರು ಇದನ್ನು ಬಾಗಿಲಲ್ಲಿ ಇಟ್ಟಿದ್ದಾರೆ.

ಅದರ ಪಕ್ಕದಲ್ಲೇ ಸಂಪಾದಕರಲ್ಲೊಬ್ಬನಾದ ಕಿ ನೊ ತ್ಸುರಯುಕಿಯ ಪದ್ಯ: ಅಂಗಿಯ ತೋಳು ನೆನೆಸಿಕೊಂಡು ಬೊಗಸೆಯಲ್ಲಿ ಮೊಗೆದ ನೀರು ಹೆಪ್ಪುಗಟ್ಟಿತ್ತು, ವಸಂತ ಬಂದ ಇಂದಿನ ಗಾಳಿ ಅದನ್ನು ಕರಗಿಸುತ್ತಿದೆಯೇನೋ. ಬೇಸಿಗೆ, ಚಳಿಗಾಲ, ವಸಂತ ಮೂರೂ 31 ಮಾತ್ರೆಯೊಳಗೆ! ಮುಂದೆ ಹಿಮ, ಉಗುಯಿಸು ಹಕ್ಕಿ, ಎಳೆ ಸೊಪ್ಪು, ಪ್ಲಮ್ ಹೂ, ಆಮೇಲೆ ಚೆರಿ. ಚೆರಿ ಉದುರುವುದು ಎರಡನೇ ಭಾಗದಲ್ಲಿ. ಬೇರೆ ಬೇರೆ ಕವಿಗಳು ಬೇರೆ ಬೇರೆ ಕಾಲಕ್ಕೆ ಬರೆದದ್ದು ಒಂದೇ ವಸಂತವಾಗಿ ಸಾಗುತ್ತದೆ.

ಪ್ರೇಮದ ಐದು ಭಾಗಗಳಿಗೂ ಇದೇ ಕ್ರಮ: ಮೊದಲು ಬರೀ ಸುದ್ದಿ ಕೇಳಿ ಹುಟ್ಟುವ ಆಸೆ, ಕೊನೆಗೆ ಮರೆತುಹೋದವರ ಮೇಲಿನ ಕೊರಗು. ಕೂಡಿದ ಸುಖಕ್ಕೆ ಅಲ್ಲಿ ಜಾಗವೇ ಇಲ್ಲವೆನ್ನುವಷ್ಟು ಕಡಿಮೆ. 12ನೇ ಭಾಗದ ಬಾಗಿಲಲ್ಲಿ ಒನೊ ನೊ ಕೊಮಾಚಿಯ ಮೂರು ಕನಸಿನ ಪದ್ಯಗಳಿವೆ, ಪದ್ಯಸಂಖ್ಯೆ 552ರಿಂದ 554. ಮೊದಲನೆಯದರಲ್ಲಿ ಕನಸೆಂದು ತಿಳಿದಿದ್ದರೆ ಏಳುತ್ತಿರಲಿಲ್ಲ ಎನ್ನುತ್ತಾಳೆ. ಎರಡನೆಯದರಲ್ಲಿ ಕನಸನ್ನೇ ನಂಬತೊಡಗಿದ್ದಾಳೆ. ಮೂರನೆಯದರಲ್ಲಿ ನಲ್ಲ ಕನಸಿಗೆ ಬರಲೆಂದು ರಾತ್ರಿಯುಡುಪನ್ನು ಒಳಗುಹೊರಗು ಮಾಡಿ ತೊಟ್ಟು ಮಲಗುತ್ತಾಳೆ. ಒಂದನ್ನಷ್ಟೇ ಕಿತ್ತು ತಂದರೆ ಹಂಬಲ ಏರುವುದು ಕಾಣುವುದೇ ಇಲ್ಲ.

ಸಂಪಾದನೆ ಸಲೀಸಾದ ಕೆಲಸವಾಗಿರಲಿಲ್ಲ. ಮನೆತನಗಳ ಸಂಗ್ರಹ, ಕಾವ್ಯಸ್ಪರ್ಧೆ, ನೂರು ಪದ್ಯಗಳ ಮಾಲೆಗಳಿಂದ ಆರಿಸಿ, ವಿಷಯವಾರು ವಿಂಗಡಿಸಿ, ಸನ್ನಿವೇಶದ ಟಿಪ್ಪಣಿ ಬರೆದು ಒಪ್ಪಿಸಬೇಕಿತ್ತು. ಐದನೆಯದಾದ ಕಿನ್‌ಯೋಶೂಗಾಗಿ ಮಿನಮೊತೊ ನೊ ತೊಶಿಯೊರಿ ಕೊಟ್ಟ ಎರಡು ಕರಡುಗಳನ್ನು ನಿವೃತ್ತ ಚಕ್ರವರ್ತಿ ಶಿರಕಾವ ವಾಪಸ್ ಕಳಿಸಿದ. ಒಪ್ಪಿಗೆಯಾದದ್ದು ಮೂರನೆಯದು. ಆದರೂ ಜನರ ನಡುವೆ ಹೆಚ್ಚು ಹರಡಿದ್ದು ಎರಡನೇ ಕರಡೇ.

ಎಂಟನೆಯದಾದ ಶಿನ್‌ಕೊಕಿನ್‌ಶೂ ಕಥೆ ಇನ್ನೂ ಬಿಗಿ. ಕೊಕಿನ್‌ಶೂಗೆ 300 ವರ್ಷ ತುಂಬಿದ 1205ರಲ್ಲಿ ನಿವೃತ್ತ ಚಕ್ರವರ್ತಿ ಗೊತೊಬ ಸಮಾರೋಪದ ಔತಣ ಇಟ್ಟ. ಜಪಾನಿ ಮುನ್ನುಡಿ ಇನ್ನೂ ಸಿದ್ಧವಾಗಿರಲಿಲ್ಲ. ಇಂಥ ಔತಣಕ್ಕೆ ಪೂರ್ವಪದ್ಧತಿ ಇಲ್ಲವೆಂದು ಸಂಪಾದಕರಲ್ಲೊಬ್ಬನಾದ ಫುಜಿವಾರಾ ತೆಯಿಕಾ ಹೋಗಲೇ ಇಲ್ಲ. ಔತಣದ ನಂತರವೂ ಪದ್ಯ ತೆಗೆಯುವುದು, ಸೇರಿಸುವುದು ವರ್ಷಗಟ್ಟಲೆ ನಡೆಯಿತು. 1221ರಲ್ಲಿ ಓಕಿ ದ್ವೀಪಕ್ಕೆ ಗಡೀಪಾರಾದ ಗೊತೊಬ ಅಲ್ಲೂ ಸುಮ್ಮನಿರದೆ ಸುಮಾರು 400 ಪದ್ಯ ಕಡಿದು ತನ್ನದೇ ಆವೃತ್ತಿ ಮಾಡಿದ.

ರಾಜಕೀಯವೂ ಒಳಗೆ ನುಗ್ಗುತ್ತಿತ್ತು. ಯುದ್ಧದಲ್ಲಿ ಸೋತ ತೈರಾ ಮನೆತನದ ತದನೊರಿಯ ಪದ್ಯ ಏಳನೆಯದಾದ ಸೆನ್‌ಜೈಶೂನಲ್ಲಿ ‘ಕವಿ ಅಜ್ಞಾತ’ ಎಂದು ಬಂತು. 1235ರ ಒಂಬತ್ತನೇ ಸಂಕಲನ ಶಿನ್‌ಚೊಕುಸೆನ್‌ಶೂನಿಂದ ಶೋಗುನ್ (ಸೇನಾಧಿಪತಿ) ಸರ್ಕಾರದ ಅಂಜಿಕೆಗೆ ಗೊತೊಬ, ಅವನ ಮಗ ಜುಂತೊಕು ಇಬ್ಬರ ಪದ್ಯಗಳೂ ಹೊರಬಿದ್ದವು. ಸಂಪಾದಕ ಅದೇ ತೆಯಿಕಾ.

ಓದಲು ಹೊರಟವರು ಕೊಕಿನ್‌ಶೂನ ವಸಂತದ ಎರಡು ಭಾಗಗಳನ್ನು, ಅಂದರೆ 134 ಪದ್ಯಗಳನ್ನು, ಅನುಕ್ರಮ ತಪ್ಪಿಸದೆ ಓದಿ. ಪದ್ಯಸಂಖ್ಯೆ ಮತ್ತು ಟಿಪ್ಪಣಿ ಎರಡನ್ನೂ ಉಳಿಸಿಕೊಂಡ ಅನುವಾದವೇ ಆಗಬೇಕು. ಆಯ್ದ ಪದ್ಯಗಳ ಪುಸ್ತಕ ಈ ಕೆಲಸಕ್ಕೆ ಬಾರದು.