ರಾಮೇಛಾಪ್‌ನಿಂದ ಲುಕ್ಲಾಕ್ಕೆ 20 ನಿಮಿಷ

ಭೂಪಟದಲ್ಲಿ ನೇರ ಗೆರೆ ಎಳೆದರೆ ನೇಪಾಳದ ರಾಮೇಛಾಪ್‌ನಿಂದ ಲುಕ್ಲಾಕ್ಕೆ ಸುಮಾರು 75 ಕಿಲೋಮೀಟರ್. ಹೆಚ್ಚುಕಮ್ಮಿ ಬೆಂಗಳೂರಿನಿಂದ ತುಮಕೂರಿಗೆ ಹೋದಷ್ಟು. ವಿಮಾನಕ್ಕೆ 20 ನಿಮಿಷ ಸಾಕು. ಆ 20 ನಿಮಿಷಕ್ಕಾಗಿ ನಾನೂ ಅಕ್ಕನೂ ಇಡೀ ರಾತ್ರಿ ನಿದ್ದೆ ಬಿಟ್ಟೆವು.

ಎವರೆಸ್ಟ್ ಬೇಸ್ ಕ್ಯಾಂಪ್‌ಗೆ ಹೋಗುವ ಹೆಚ್ಚಿನವರು ನಡಿಗೆ ಶುರು ಮಾಡುವುದು ಲುಕ್ಲಾದಿಂದ. ಸೀಸನ್‌ನಲ್ಲಿ ಕಠ್ಮಂಡು ನಿಲ್ದಾಣದಲ್ಲಿ ದಟ್ಟಣೆ ಜಾಸ್ತಿ. ಹಾಗಾಗಿ ಈ ಪುಟ್ಟ ವಿಮಾನಗಳು ರಾಮೇಛಾಪ್‌ನ ಮಂಥಲಿಯಿಂದ ಹಾರುತ್ತವೆ. ರಾತ್ರಿ ಒಂದು ಗಂಟೆಗೆ ಕಠ್ಮಂಡುವಿನ ಥಮೆಲ್‌ನಲ್ಲಿ ವ್ಯಾನ್ ಹತ್ತಿದೆವು. ಸುಮಾರು 130 ಕಿಲೋಮೀಟರ್, ಬರೀ ತಿರುವುಗಳು. ಐದು ಗಂಟೆ ಹಿಡಿಯಿತು.

ಮಂಥಲಿಯಲ್ಲಿ ಬ್ಯಾಗಿನ ಜೊತೆ ನಮ್ಮನ್ನೂ ತೂಗಿದರು. ಒಬ್ಬರಿಗೆ 15 ಕೆ.ಜಿ. ಸಾಮಾನು, ಅಷ್ಟೇ. ಆಮೇಲೆ ಕಾಯುವ ಕೆಲಸ. ಲುಕ್ಲಾದಲ್ಲಿ ಪೈಲಟ್‌ಗಳು ಕಣ್ಣಿಗೆ ದಾರಿ ಕಂಡರೆ ಮಾತ್ರ ಇಳಿಯುತ್ತಾರೆ. ಹೊತ್ತು ಏರಿದಂತೆ ಮೋಡ, ಗಾಳಿ ಎರಡೂ ಏಳುತ್ತವೆ. ಬೆಳಿಗ್ಗೆ ತಪ್ಪಿದರೆ ಮರುದಿನವೇ. ನಮ್ಮ ಹೆಸರು ಕರೆದಾಗ ಒಂಬತ್ತು ದಾಟಿತ್ತು.

ಗಗನಸಖಿ ತಟ್ಟೆಯಲ್ಲಿ ಪೆಪ್ಪರ್‌ಮೆಂಟು, ಹತ್ತಿ ತಂದರು. ಹತ್ತಿ ಕಿವಿಗೆ. ಪೈಲಟ್‌ಗಳಿಗೂ ನಮಗೂ ನಡುವೆ ಬಾಗಿಲೇ ಇರಲಿಲ್ಲ. ಹೋಗುವಾಗ ಎಡಗಡೆ ಸೀಟು ಹಿಡಿಯಿರಿ, ಹಿಮದ ಶಿಖರಗಳೆಲ್ಲ ಆ ಕಡೆಗೇ. ಕೆಳಗೆ ಗುಡ್ಡದ ನೆತ್ತಿ ಎಷ್ಟು ಹತ್ತಿರ ಅಂದರೆ, ಮನೆಯಂಗಳದಲ್ಲಿ ಒಣಹಾಕಿದ ಬಟ್ಟೆ ಕಾಣುತ್ತಿತ್ತು. ಜಿರಿ ಎಂಬ ಊರಿನಿಂದ ಲುಕ್ಲಾ ಕಡೆಗೆ ನಡೆದೇ ಬರುವವರು ಇವೇ ಗುಡ್ಡಗಳನ್ನು ಹತ್ತಿ ಇಳಿಯಲು ಒಂದು ವಾರ ತೆಗೆದುಕೊಳ್ಳುತ್ತಾರೆ.

ಮುಂದಿನ ಗಾಜಿನಲ್ಲಿ ಬೆಟ್ಟಕ್ಕೆ ಅಂಟಿಸಿದಂಥ ಒಂದು ಪಟ್ಟಿ ಕಂಡಿತು. "ಅಲ್ಲೇನೇ ಇಳಿಯೋದು? ಗೋಡೆ ಥರ ಇದೆಯಲ್ಲೇ!" ಅಂದಳು ಅಕ್ಕ. ರನ್‌ವೇ ಬರೀ 527 ಮೀಟರ್. ಬೆಂಗಳೂರಿನದು 4,000. ಈ ತುದಿಗಿಂತ ಆ ತುದಿ ಸುಮಾರು 60 ಮೀಟರ್ ಎತ್ತರ. ಆ ಏರೇ ವಿಮಾನವನ್ನು ಹಿಡಿದು ನಿಲ್ಲಿಸಲು ನೆರವಾಗುತ್ತದೆ. 1964ರಲ್ಲಿ ಎಡ್ಮಂಡ್ ಹಿಲರಿ ಊರವರ ಜೊತೆ ಸೇರಿ ಇದನ್ನು ಮಾಡಿದರು. ಮಣ್ಣು ಗಟ್ಟಿಯಾಗಲಿ ಅಂತ ಶೆರ್ಪಾಗಳು ಸಾಲಾಗಿ ನಿಂತು ಕುಣಿದರಂತೆ. ಚಕ್ರ ನೆಲ ಮುಟ್ಟಿದಾಗ ನನಗೆ ನೆನಪಾದದ್ದು ಆ ಪಾದಗಳೇ.

ಒಂದು ಮಾತು ಮರೆಯಬೇಡಿ. ಮಂಥಲಿ 500 ಮೀಟರ್ ಎತ್ತರದಲ್ಲೂ ಇಲ್ಲ, ಲುಕ್ಲಾ 2,845 ಮೀಟರ್. ವಿಮಾನ 20 ನಿಮಿಷದಲ್ಲಿ ಏರಿಬಿಡುತ್ತದೆ, ಮೈ ಅಷ್ಟು ಬೇಗ ಎತ್ತರಕ್ಕೆ ಒಗ್ಗುವುದಿಲ್ಲ. ಅವತ್ತು ನಿಧಾನವಾಗಿ ನಡೆದು, ಲುಕ್ಲಾಕ್ಕಿಂತ ಕೆಳಗಿರುವ ಊರಾದ ಫಾಕ್‌ಡಿಂಗ್‌ನಲ್ಲಿ ಮಲಗಿ.

ನಾವು ಬ್ಯಾಗ್ ತಗೊಳ್ಳುವಷ್ಟರಲ್ಲಿ ನಮ್ಮ ವಿಮಾನ ಹೊಸ ಜನರನ್ನು ತುಂಬಿಕೊಂಡು ತಿರುಗಿ ನಿಂತಿತ್ತು. ಇಳಿಜಾರಿನಲ್ಲಿ ಓಡಿತು, ತುದಿ ದಾಟಿತು, ಕಣಿವೆಯೊಳಗೆ ಮರೆಯಾಯಿತು. ಅದು ಮತ್ತೆ ಮೇಲೆ ಕಾಣುವವರೆಗೂ ಅಕ್ಕ ನನ್ನ ತೋಳು ಬಿಡಲಿಲ್ಲ.