ನಮ್ಮ ಚಾಪೆಲಿನ ಸಾಕ್ರಿಸ್ತಿ

ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲ್ ಎಂದರೆ ಎಲ್ಲರ ಕಣ್ಣಿಗೂ ಕಟ್ಟುವುದು ಅಲ್ಲಿನ ಚಿತ್ರಗಳು. ಇಟಲಿಯಿಂದ ಬಂದ ಜೆಸ್ವಿಟ್ ಬ್ರದರ್ ಅಂತೋನಿಯೊ ಮೊಸ್ಕೇನಿ 1899ರಿಂದ 1901ರವರೆಗೆ ಗೋಡೆ, ಛಾವಣಿಗಳ ತುಂಬ ಅವನ್ನು ಬರೆದರು. 1980ರ ದಶಕದಲ್ಲಿ ಬಲಿಪೂಜೆಗೆ ನೆರವಾಗುವ ಹುಡುಗನಾಗಿದ್ದ ನನಗೆ ಮಾತ್ರ ಪ್ರವಾಸಿಗರು ಕಾಣದ ಸಾಕ್ರಿಸ್ತಿಯೇ, ಅಂದರೆ ಗುರುಗಳು ಪೂಜೆಗೆ ಸಿದ್ಧವಾಗುವ ಕೋಣೆಯೇ, ಹೆಚ್ಚು ಹತ್ತಿರ. ಸಿಎಸ್‌ಐ ಎಂಬ ಪ್ರೊಟೆಸ್ಟೆಂಟ್ ಚರ್ಚಿನ ಗೆಳೆಯರು ವೆಸ್ಟ್ರಿ ಅನ್ನುತ್ತಿದ್ದುದೂ ಇಂಥ ಕೋಣೆಗೇ.

ಅದರ ಉಸ್ತುವಾರಿ ವಯಸ್ಸಾದ ಒಬ್ಬ ಬ್ರದರ್‌ ಅವರದು. ನಾವು ಹೋಗುವಷ್ಟರಲ್ಲಿ ಅವರು ಮೇಜಿನ ಮೇಲೆ ಗುರುಗಳ ಪೂಜಾವಸ್ತ್ರಗಳನ್ನು ಹಾಸಲು ತೊಡಗಿರುತ್ತಿದ್ದರು. ಹಾಸುವುದು ತೊಡುವ ಕ್ರಮಕ್ಕೆ ತಿರುಗುಮುರುಗು. ಕೊನೆಯಲ್ಲಿ ತೊಡುವ ಬಣ್ಣದ ಮೇಲುಡುಪು ಎಲ್ಲಕ್ಕಿಂತ ಅಡಿಗೆ, ಅದರ ಮೇಲೆ ಕುತ್ತಿಗೆಯಿಂದ ಇಳಿಬಿಡುವ ಪಟ್ಟಿಯಾದ ಸ್ಟೋಲ್, ಸೊಂಟಕ್ಕೆ ಕಟ್ಟುವ ದಾರ, ಬಿಳಿ ನಿಲುವಂಗಿ, ಎಲ್ಲಕ್ಕೂ ಮೇಲೆ ಕುತ್ತಿಗೆಗೆ ಸುತ್ತುವ ಬಟ್ಟೆ. ಕ್ರಿಸ್ಮಸ್ಸಿಗೆ ಮುಂಚಿನ ಆಗಮನ ಕಾಲ, ಈಸ್ಟರಿಗೆ ಮುಂಚಿನ ತಪಸ್ಸು ಕಾಲಗಳಿಗೆ ನೇರಳೆ, ಕ್ರಿಸ್ಮಸ್ಸು, ಈಸ್ಟರ್‌ಗೆ ಬಿಳಿ, ರಕ್ತಸಾಕ್ಷಿಗಳ ಹಬ್ಬಕ್ಕೆ ಕೆಂಪು, ಸಾಧಾರಣ ಕಾಲದಲ್ಲಿ ಹಸಿರು. ಆ ದಿನ ಯಾವ ಬಣ್ಣವೆಂದು ಬ್ರದರ್ ನಮ್ಮನ್ನೇ ಕೇಳುತ್ತಿದ್ದರು. ಹಿರಿಯ ಫಾದರ್ ಒಬ್ಬರು ಒಂದೊಂದು ವಸ್ತ್ರಕ್ಕೂ ಅದರದೇ ಪ್ರಾರ್ಥನೆ ಹೇಳಿಕೊಂಡು ತೊಡುತ್ತಿದ್ದರು. ಅಲ್ಲಿಯವರೆಗೆ ನಮ್ಮೊಂದಿಗೆ ಫುಟ್‌ಬಾಲ್ ಮಾತಾಡುತ್ತಿದ್ದವರು ದಾರ ಕಟ್ಟುವ ಹೊತ್ತಿಗೆ ಬೇರೆಯೇ ಮನುಷ್ಯ.

ಕ್ರಿಸ್ತನ ರಕ್ತವೆಂದು ನಾವು ನಂಬುವ ದ್ರಾಕ್ಷಾರಸದ ಬಟ್ಟಲಾದ ಕಾಲಿಸ್ ಒರೆಸಿದ ಬಟ್ಟೆಯನ್ನು ಮೊದಲು ಜಾಲಾಡಿದ ನೀರನ್ನು ಬ್ರದರ್ ಮೋರಿಗೆ ಬಿಡುತ್ತಿರಲಿಲ್ಲ. ಹೊರಗೆ ಗಿಡದ ಬುಡದ ಮಣ್ಣಿಗೆ ಸುರಿಯುತ್ತಿದ್ದರು. ಪವಿತ್ರವಾದುದರ ಒಂದು ಹನಿಯೂ ಕೊಳಕಿಗೆ ಸೇರಬಾರದೆಂಬ ಹಳೆಯ ನೇಮವದು. ಯಾವ ಉಪದೇಶವೂ ಪೂಜೆಯ ಬಗ್ಗೆ ನನಗೆ ಇಷ್ಟು ಸ್ಪಷ್ಟವಾಗಿ ಹೇಳಿಲ್ಲ.

ಮುಂದೆ ಬಿ.ಎ. ಇತಿಹಾಸ ಓದುವಾಗ ಇದೇ ಕೋಣೆ ಇಂಗ್ಲೆಂಡಿನ ಆಡಳಿತದ ಪಾಠದಲ್ಲಿ ಎದುರಾದದ್ದು ನನಗೆ ಅಚ್ಚರಿ. ಅಲ್ಲಿ ಚರ್ಚಿನ ಊರವರು ವೆಸ್ಟ್ರಿಯಲ್ಲಿ ಸೇರಿ ಲೆಕ್ಕ ನೋಡುತ್ತಿದ್ದರು. ಬರಬರುತ್ತಾ ಆ ಸಭೆಯೇ ವೆಸ್ಟ್ರಿ ಅನಿಸಿಕೊಂಡಿತು. ಬಡವರ ನೆರವಿಗೆ ತೆರಿಗೆ, ಊರಿನ ರಸ್ತೆ ದುರಸ್ತಿ ಎಲ್ಲ ಅದರ ಪಾಲಿಗೆ ಬಂತು. ಗ್ರಾಮಾಂತರದಲ್ಲಿ ಆ ಲೌಕಿಕ ಅಧಿಕಾರ ಚುನಾಯಿತ ಪ್ಯಾರಿಷ್ ಕೌನ್ಸಿಲ್‌ಗಳಿಗೆ ಹೋದದ್ದು 1894ರ ಕಾಯಿದೆಯಿಂದ. ಅಮೆರಿಕದ ಎಪಿಸ್ಕೋಪಲ್ ಚರ್ಚಿನಲ್ಲಿ ಆಡಳಿತ ಮಂಡಳಿಗೆ ಇಂದಿಗೂ ಅದೇ ಹೆಸರು. ಆ ಸಭೆಗಳು ಬಡವರನ್ನು ಯಾವಾಗಲೂ ಮರ್ಯಾದೆಯಿಂದ ನಡೆಸಿಕೊಳ್ಳಲಿಲ್ಲ, ನಿಜ. ಆದರೂ ಬಲಿಪೀಠದ ರೊಟ್ಟಿ ಸಿದ್ಧವಾಗುವ ಮಗ್ಗುಲಲ್ಲೇ ಹಸಿದವರ ರೊಟ್ಟಿಯ ಚರ್ಚೆಯೂ ನಡೆದದ್ದು ಸರಿಯೆಂದೇ ನನಗೆ ತೋರುತ್ತದೆ.

ಈಗ ಎಷ್ಟೋ ಚರ್ಚುಗಳಲ್ಲಿ ಈ ಕೋಣೆ ಮೈಕು, ವೈರು, ಮುರಿದ ಕುರ್ಚಿಗಳ ಉಗ್ರಾಣವಾಗಿದೆ. ನೋಡಿದರೆ ಸಂಕಟವಾಗುತ್ತದೆ. ನಮ್ಮ ಧರ್ಮಕೇಂದ್ರದಲ್ಲಿ ಫಾದರ್‌ ಅವರನ್ನು ಕೇಳಿಕೊಂಡು ಅದನ್ನೆಲ್ಲ ಹೊರಗೆ ಹಾಕಿಸಿದ್ದೇವೆ. ಶನಿವಾರ ಸಂಜೆ ಹುಡುಗ ಹುಡುಗಿಯರಿಗೆ ವಸ್ತ್ರ ಹಾಸುವುದನ್ನು ನಾನೇ ಹೇಳಿಕೊಡುತ್ತೇನೆ, ಬಣ್ಣ ಯಾವುದೆಂದು ಅವರನ್ನೇ ಕೇಳುತ್ತೇನೆ.