ಅಮ್ಮನ ಚೂರಿ

ಹೋದ ವಾರ ಕಪಾಟು ಒರೆಸುವಾಗ ಅಮ್ಮನ ಹಳೆಯ ಚೂರಿ ಸಿಕ್ಕಿತು. ಬೆರಳುದ್ದ ಇಲ್ಲ. ಉಡುಪಿ ಹತ್ತಿರದ ಒಂದು ಗೇರುಬೀಜ ಕಾರ್ಖಾನೆಯಲ್ಲಿ 19 ವರ್ಷ ಅಮ್ಮ ಇದರಿಂದಲೇ ಸಿಪ್ಪೆ ತೆಗೆದರು. ಬೋರ್ಮಾದಲ್ಲಿ, ಅಂದರೆ ಬಿಸಿಗಾಳಿಯ ಒಲೆಯಲ್ಲಿ, ಒಣಗಿ ಬಂದ ತಿರುಳಿನ ಕೆಂಪು ಸಿಪ್ಪೆಯನ್ನು, ತಿರುಳು ಒಡೆಯದ ಹಾಗೆ ಬಿಡಿಸಬೇಕು. ಒಡೆದರೆ ಬೆಲೆ ಕಮ್ಮಿ. ಕೂಲಿ ಕಿಲೋ ಲೆಕ್ಕದಲ್ಲಿ.

2023ರಲ್ಲಿ ಒಂದು ಸೋಮವಾರ ಅಮ್ಮ ಬುತ್ತಿ ಹಿಡಿದು ಹೋದವರು ಹತ್ತು ಗಂಟೆಗೇ ವಾಪಸ್ ಬಂದರು. ಸಿಪ್ಪೆ ತೆಗೆಯುವ ಯಂತ್ರ ಬಂದಿತ್ತು. ಪೀಲಿಂಗ್ ಟೇಬಲ್‌ಗಳನ್ನು ಗೋಡೆಗೆ ಸರಿಸಿದ್ದರು. "ಬೇಕಾದಾಗ ಕರೀತೇವೆ" ಅಂದರಂತೆ. ಅಷ್ಟೇ.

ಯಂತ್ರ ಬೇಡ ಅಂತ ನಾನು ಹೇಳುವುದಿಲ್ಲ. ಬೀಜ ಒಡೆಯುವ ಹೆಂಗಸರ ಕೈ ನೋಡಿದ್ದೇನೆ. ಹೊರಗಿನ ಗಟ್ಟಿ ಸಿಪ್ಪೆಯ ಎಣ್ಣೆ ತಾಗಿ ಚರ್ಮ ಸುಟ್ಟು ಕಪ್ಪಾಗಿರುತ್ತದೆ. ಆ ಕೆಲಸ ಯಂತ್ರವೇ ಮಾಡಲಿ. ಆದರೆ ಯಂತ್ರ ಬರುವುದು ಯಜಮಾನರಿಗೆ ತಿಂಗಳುಗಟ್ಟಲೆ ಮೊದಲೇ ಗೊತ್ತಿರುತ್ತದೆ, ಅಲ್ವಾ? ಅಮ್ಮನಿಗೆ ಯಾಕೆ ಗೊತ್ತಿರಲಿಲ್ಲ?

ಕಾನೂನು ಇರಲಿಲ್ಲ ಅಂತಲ್ಲ. ಕೆಲಸ ಹೋಗುವಂಥ ಹೊಸ ಯಂತ್ರ, ಹೊಸ ವಿಧಾನ ತರುವಾಗ 21 ದಿನ ಮೊದಲೇ ನೋಟಿಸ್ ಕೊಡಬೇಕು ಅಂತ 1947ರ ಕೈಗಾರಿಕಾ ವಿವಾದ ಕಾಯ್ದೆಯಲ್ಲೇ ಇತ್ತು. ಅಮ್ಮನ ಜೊತೆ ಕೂತಿದ್ದ ಯಾರಿಗೂ ಅದು ಗೊತ್ತಿರಲಿಲ್ಲ. ನನಗೂ ಆಮೇಲೆ ಓದಿದಾಗಲೇ ಗೊತ್ತಾದದ್ದು.

2025ರ ನವೆಂಬರ್ 21ರಿಂದ ಹೊಸ ಕೈಗಾರಿಕಾ ಸಂಬಂಧಗಳ ಸಂಹಿತೆ ಜಾರಿಯಾಗಿದೆ. ಅದರಲ್ಲಿ ಮರುಕೌಶಲ್ಯ ನಿಧಿ ಅಂತ ಒಂದಿದೆ. ಪರಿಹಾರದ ಜೊತೆಗೆ, ಕೆಲಸದಿಂದ ತೆಗೆದವರ ಖಾತೆಗೆ 45 ದಿನದೊಳಗೆ 15 ದಿನದ ಸಂಬಳ ಬರಬೇಕು. ಹೊಸ ಕೆಲಸ ಕಲಿಯಲಿ ಅಂತ. ಯೋಚನೆ ಒಳ್ಳೆಯದೇ. ಆದರೆ ಮೂರು ತಿಂಗಳ ಟೈಲರಿಂಗ್ ಕಲಿಯುವ 52 ವರ್ಷದ ಹೆಂಗಸು ಹದಿನಾರನೇ ದಿನದಿಂದ ಮನೆ ಹೇಗೆ ನಡೆಸಬೇಕು? ಅಕ್ಕಿ, ಮೀನು, ಬಸ್ಸಿನ ದುಡ್ಡು?

ಸಿಂಗಪುರದಲ್ಲಿ 40 ದಾಟಿದವರು ಪೂರ್ತಿ ಸಮಯದ ತರಬೇತಿಗೆ ಹೋದರೆ, ಹಿಂದಿನ ಸರಾಸರಿ ಆದಾಯದ ಅರ್ಧದಷ್ಟನ್ನು ಸರ್ಕಾರ ಭತ್ಯೆಯಾಗಿ ಕೊಡುತ್ತದೆ. ತಿಂಗಳಿಗೆ 3,000 ಸಿಂಗಪುರ ಡಾಲರ್‌ವರೆಗೆ, ಒಟ್ಟು 24 ತಿಂಗಳು. ಅಷ್ಟು ದುಡ್ಡು ನಮ್ಮಲ್ಲಿ ಇಲ್ಲದಿರಬಹುದು. ಆದರೆ ಕಲಿಯುವವರಿಗೂ ಹೊಟ್ಟೆ ಇದೆ ಅಂತ ಒಪ್ಪಿಕೊಳ್ಳೋದಕ್ಕೆ ದುಡ್ಡು ಬೇಕಾ? ಕೋರ್ಸ್ ಮುಗಿಯುವವರೆಗೆ ಅರ್ಧ ಕೂಲಿ ಕೊಡಿ. ಅದೂ ಕೆಲಸ ಹೋದ ಮೇಲಲ್ಲ, ನೋಟಿಸ್ ಬಂದ ದಿನದಿಂದಲೇ ಕಲಿಯಲು ಬಿಡಿ.

ಇದೆಲ್ಲ ಹೆಸರು ರಿಜಿಸ್ಟರ್‌ನಲ್ಲಿ ಇದ್ದವರಿಗೆ ಮಾತ್ರ. ಮನೆಯಲ್ಲೇ ಕೂತು ಬೇರೆಯವರ ಹೆಸರಿನ ಪಾಸ್‌ಬುಕ್ಕಿನಲ್ಲಿ (ಕಟ್ಟಿದ ಬೀಡಿಯ ಲೆಕ್ಕ ಬರೆಯುವ ಪುಸ್ತಕ) ಬೀಡಿ ಕಟ್ಟುವ ನಮ್ಮ ಪಕ್ಕದ ಮನೆಯ ಅಕ್ಕನನ್ನು ಯಾವ ನಿಧಿ ಹುಡುಕಿಕೊಂಡು ಬರುತ್ತದೆ?

ಅಮ್ಮನ ಇಬ್ಬರು ಗೆಳತಿಯರು ಇನ್ನೊಂದು ಕಾರ್ಖಾನೆಯಲ್ಲಿ ಇದ್ದಾರೆ. ಅಲ್ಲೂ ಯಂತ್ರದ ಮಾತು ಕೇಳುತ್ತಿದೆಯಂತೆ. ಈ ಭಾನುವಾರ ಅವರು ಮನೆಗೆ ಬರುತ್ತಾರೆ. ಇಎಸ್‌ಐ ಕಾರ್ಡು, ಪಿಎಫ್ ನಂಬರು, ಕೂಲಿ ಚೀಟಿ ಏನೇನಿದೆಯೋ ಎಲ್ಲ ತರಲು ಹೇಳಿದ್ದೇನೆ.